ಎರಡು ಹೆಬ್ಬೆಟ್ಟು ದಪ್ಪದ ಚುಟ್ಟ

ಹೋದ ವರ್ಷ ಆಷಾಢದಲ್ಲಿ ನಾನು ಸುತ್ತಿಕೊಟ್ಟ ಚುಟ್ಟ ಮುನೇಶ್ವರನ ಬಾಯಲ್ಲಿ ಅರ್ಧಕ್ಕೇ ಆರಿಹೋಯಿತು. ಅದಕ್ಕೆ ಕಾರಣ ನನ್ನ ಕೈ ಅಂದರು. ಕಾರಣ ಚುಟ್ಟದ ದಪ್ಪ ಅಂತ ನಾನು ಆವತ್ತೂ ಹೇಳಿದೆ, ಇವತ್ತೂ ಹೇಳುತ್ತೇನೆ. ಕೇಳಿಸಿಕೊಳ್ಳಲು ಯಾರಿಗೆ ಪುರುಸೊತ್ತು?

ಆ ಮುನೇಶ್ವರ ಇರುವುದು ಕೆಜಿಎಫ್‌ನ ಊರಿಗಾಂ ಕಡೆಯ ಒಂದು ಲೈನಿನಲ್ಲಿ. ಲೈನು ಅಂದರೆ ಚಿನ್ನದ ಗಣಿಯವರ ಸಾಲುಮನೆಗಳು. ಗಣಿ ಮುಚ್ಚಿದರೂ ಮನೆಗಳಿವೆ, ಮನೆಗಳಲ್ಲಿ ಜನರಿದ್ದಾರೆ, ಬೇವಿನ ಮರದ ಕೆಳಗೆ ಅವರ ಸ್ವಾಮಿಯೂ ಇದ್ದಾನೆ. ಆಷಾಢದ ಒಂದು ಭಾನುವಾರ ಅವನಿಗೆ ಕೋಳಿ, ಸಾರಾಯಿ, ಆಮೇಲೆ ಚುಟ್ಟ. ನಾವು ಬಂಗಾರಪೇಟೆಯಲ್ಲಿ ಚುಟ್ಟ ಅನ್ನುವುದನ್ನು ಅಲ್ಲಿಯ ತಮಿಳಿನವರು ಸುರುಟ್ಟು ಅನ್ನುತ್ತಾರೆ. ಪೂಜಾರಿ ಅದನ್ನು ತಮ್ಮ ಬಾಯಲ್ಲಿಟ್ಟು ದಮ್ಮು ಎಳೆದು ಹತ್ತಿಸಿ, ಸ್ವಾಮಿಯ ಕಲ್ಲಿನ ಬಾಯಿಗೆ ಸಿಕ್ಕಿಸುತ್ತಾರೆ. ಪೂಜಾರಿಯ ಬಾಯಿ ಸ್ವಾಮಿಯ ಬಾಯಿಯೇ ಆದ್ದರಿಂದ ಅದು ಎಂಜಲಲ್ಲ. ಚುಟ್ಟ ಬುಡದವರೆಗೂ ಉರಿದು ಬೂದಿಯಾದರೆ ಸ್ವಾಮಿ ಒಪ್ಪಿದ ಅಂತ ಲೆಕ್ಕ. ನಡುವೆ ಆರಿದರೆ ಬೇಡ ಅಂದ ಅಂತ.

ನಮ್ಮ ಮಾವ ಇದ್ದಷ್ಟು ಕಾಲ ಆ ಚುಟ್ಟವನ್ನು ಅವರೇ ಸುತ್ತಿ, ಅವರೇ ಹೋಗಿ ಪೂಜಾರಿಯ ಕೈಗೆ ಕೊಟ್ಟು ಬರುತ್ತಿದ್ದರು. ಸುತ್ತಿದವರೇ ಕೊಡಬೇಕು ಅನ್ನುವುದು ಅಲ್ಲಿನ ಕಟ್ಟಳೆ. ಮಾವ ತೀರಿಹೋದ ಮೇಲೆ ಅತ್ತೆಯೂ ನಾನೂ ಸೇರಿ ಸುತ್ತಿದೆವು. ಲೈನಿನ ಹಬ್ಬದ ಕಮಿಟಿಯವರು ಬಂದು ಒಯ್ದರು. ಯಾರು ಸುತ್ತಿದ್ದು ಅಂತ ಯಾರೂ ಕೇಳಲಿಲ್ಲ. ಪ್ರತಿ ವರ್ಷ ನಡುಬೆರಳು ದಪ್ಪದ್ದು ಕೊಟ್ಟೆವು, ಪ್ರತಿ ವರ್ಷ ಅದು ಬುಡದವರೆಗೂ ಉರಿಯಿತು. ಹೋದ ವರ್ಷ ಕಮಿಟಿ ಅಧ್ಯಕ್ಷನಿಗೆ ಇದ್ದಕ್ಕಿದ್ದ ಹಾಗೆ ಉಮೇದು ಬಂತು. ಪಕ್ಕದ ಲೈನಿನವರು ಹೆಬ್ಬೆಟ್ಟು ದಪ್ಪದ್ದು ಇಟ್ಟಿದ್ದರಂತೆ, ನಮ್ಮದು ಎರಡು ಹೆಬ್ಬೆಟ್ಟು ಇರಲಿ ಅಂದ.

"ಅಷ್ಟು ದಪ್ಪದ್ದನ್ನ ಯಾರಾದ್ರೂ ಎಳೀತಾನೇ ಇರ್ಬೇಕು ಸಾರ್. ಇಲ್ದಿದ್ರೆ ಆರೋಯ್ತದೆ" ಅಂದೆ.

"ಸ್ವಾಮಿ ಎಳ್ಕೋತಾನೆ ಬಿಡಮ್ಮ" ಅಂದ.

ಸ್ವಾಮಿ ಎಳೆದುಕೊಳ್ಳಲಿಲ್ಲ, ಚುಟ್ಟ ಆರಿತು. ಅದನ್ನು ಸುತ್ತಿದ್ದು ಹೆಂಗಸು ಅನ್ನುವುದು ಆಗ ಎಲ್ಲರಿಗೂ ನೆನಪಾಯಿತು.

ಮಾತು ಅಲ್ಲಿಗೇ ನಿಂತಿದ್ದರೆ ನಾನೂ ಸುಮ್ಮನಿರುತ್ತಿದ್ದೆನೇನೋ. ನಿಲ್ಲಲಿಲ್ಲ. ನಾವು ಸುತ್ತುವ ಚುಟ್ಟಗಳೆಲ್ಲ ಖರ್ಚಾಗುವುದೇ ಆ ಲೈನುಗಳ ಪೆಟ್ಟಿಗೆ ಅಂಗಡಿಗಳಲ್ಲಿ. ಒಂದೊಂದಾಗಿ ಅಂಗಡಿಯವರು ಕಟ್ಟುಗಳನ್ನು ವಾಪಸು ಕಳಿಸಲು ಶುರು ಮಾಡಿದರು. "ಸ್ವಾಮೀನೇ ಉಗುಳಿದ ಕೈ ಅಂತ ಗಿರಾಕಿಗಳು ಮಾತಾಡ್ತಾರಕ್ಕ, ನಾವೇನ್ ಮಾಡಾನ" ಅಂದ ಒಬ್ಬ. ಸ್ವಾಮಿ ಉಗುಳಿದ್ದನ್ನು ಇವನು ಯಾವಾಗ ನೋಡಿದ? ಮೈಯೆಲ್ಲ ಉರಿದುಹೋಯಿತು. ಇನ್ನೊಂದು ವರ್ಷ ಹೀಗೇ ಆದರೆ ಅತ್ತೆಯೂ ನಾನೂ ಚುಟ್ಟ ಸುತ್ತುವ ಮಣೆ ಕಟ್ಟಿಡಬೇಕಾಗುತ್ತಿತ್ತು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ನನಗೆ ಅಂತ ಇರುವುದು ಈ ಕೆಲಸ ಒಂದೇ.

ಈ ವರ್ಷ ಆಷಾಢಕ್ಕೆ ಇನ್ನೂ ದಿನವಿರುವಾಗಲೇ ಅಧ್ಯಕ್ಷ ಮನೆಗೆ ಬಂದ. ನನ್ನ ಗಂಡ ಕೆಜಿಎಫ್‌ನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ, ಅವತ್ತು ರಜೆ. ಅಧ್ಯಕ್ಷ ಜಗಲಿಯ ಮೇಲೆ ಕೂತು, ಕಾಫಿ ಕುಡಿದು, ಎದುರಿಗೇ ನಿಂತಿದ್ದ ನನ್ನನ್ನು ಬಿಟ್ಟು ನನ್ನ ಗಂಡನಿಗೆ ಹೇಳಿದ.

"ನೋಡಪ್ಪ, ನಿಮ್ಮ ತಂದೆ ಕಾಲದಿಂದ ಬಂದಿರೋದು. ಬಿಡಿಸೋಕೆ ನಮಗೂ ಮನಸ್ಸಿಲ್ಲ. ಈ ಸಲ ನೀನು ಸುತ್ತು. ನೀನೇ ಬಂದು ಕೊಡು."

"ನಂಗೆ ಬರಲ್ಲ ಸಾರ್."

"ಬರಲ್ಲ ಅಂದ್ರೆ ಮನೇಲಿ ಸುತ್ತುಸ್ಕೊ. ಯಾರು ನೋಡ್ತಾರೆ? ಪೂಜಾರಿ ಕೈಗೆ ಕೊಟ್ಟು, ನಾನೇ ಸುತ್ತಿದ್ದು ಅಂದ್ಬಿಡು, ಮುಗೀತು. ಆದ್ರೆ ದಪ್ಪ ಮಾತ್ರ ಅದೇ ಇರ್ಬೇಕು. ಕಮ್ಮಿ ಮಾಡಿದ್ರೆ ನಾವು ಸೋತಂಗೆ."

"ಯಾರು ನೋಡ್ತಾರೆ ಅಂದ್ರೆ? ಎದುರಿಗೆ ಸ್ವಾಮಿ ಕೂತಿರಲ್ವಾ?" ಅಂದೆ.

"ನೀನು ಸುಮ್ನಿರಮ್ಮ. ನಿಂಗೋಸ್ಕರಾನೇ ಹೇಳ್ತಿರೋದು."

ಅವನು ಬೀದಿ ದಾಟುವುದನ್ನೇ ಕಾದು ಗಂಡನ ಮೇಲೆ ಹರಿಹಾಯ್ದೆ. ಅವರು ಶಾಂತ ಮನುಷ್ಯ. "ಓಗ್ಲಿ ಬಿಡೇ, ಒಂದು ಮಾತು ತಾನೆ. ಕೊಟ್ಟು ಬಂದ್ಬಿಟ್ರೆ ಅಂಗಡಿಯೋರೂ ಸುಮ್ನಾಗ್ತಾರೆ" ಅಂದರು.

"ಬೀಡಿ ಒಗೆಗೇ ಕೆಮ್ಮೋ ನೀನು ಚುಟ್ಟ ಸುತ್ತಿದೆ ಅಂದ್ರೆ ಆ ಕಲ್ಲೂ ನಗ್ತದೆ!"

ಅವರು ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಒಳಗಿನಿಂದ ಅತ್ತೆ, "ಮೊದ್ಲು ಉರಿಯೋದು ಸುತ್ತೇ. ಆಮೇಲೆ ಯಾರ ಎಸ್ರು ಅಂತ ಕಿತ್ತಾಡೋವಂತೆ" ಅಂದರು. ಅತ್ತೆ ಬಾಯಿ ಬಿಡುವುದು ಕಡಿಮೆ, ಬಿಟ್ಟರೆ ಹೀಗೇ.

ಚುಟ್ಟದ ದಪ್ಪ ಅಂದರೆ ಏನು ಅಂತ ಇಲ್ಲಿ ಒಂದಿಷ್ಟು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮಲ್ಲಿ ಅಳತೆಗೆ ಪಟ್ಟಿ ಗಿಟ್ಟಿ ಇಲ್ಲ, ಬೆರಳೇ ಅಳತೆ. ಕಿರುಬೆರಳು, ನಡುಬೆರಳು, ಹೆಬ್ಬೆಟ್ಟು. ಕಿರುಬೆರಳು ದಪ್ಪದ್ದು ಬೇಗ ಹತ್ತುತ್ತದೆ, ಬೇಗ ಮುಗಿಯುತ್ತದೆ. ಬೆಂಕಿ ತುಟಿಗೆ ಹತ್ತಿರ, ಹೊಗೆಸೊಪ್ಪು ಕಡಿಮೆ, ಆದ್ದರಿಂದ ಹೊಗೆ ಬಿಸಿ. ಗಬಗಬ ಎಳೆದರೆ ನಾಲಿಗೆ ಚುರುಗುಟ್ಟುತ್ತದೆ. ಬಾಯಿಗೆ ಬರುವ ರುಚಿಯೆಲ್ಲ ಮೇಲೆ ಸುತ್ತಿದ ಎಲೆಯದು. ದಪ್ಪವಾಗುತ್ತ ಹೋದಂತೆ ಒಳಗಿನ ಸೊಪ್ಪಿನ ರುಚಿ ಮುಂದೆ ಬರುತ್ತದೆ, ಹೊಗೆ ತಣ್ಣಗಾಗುತ್ತದೆ, ಬಾಯಿ ತುಂಬುತ್ತದೆ. ಆದರೆ ಅದು ಕೂತು ಸೇದುವ ಮಾಲು. ಅದಕ್ಕೆ ಉದ್ದನೆಯ ಉಸಿರು ಬೇಕು, ದವಡೆಗೆ ತಾಳ್ಮೆ ಬೇಕು. ಲೈನಿನ ಮುದುಕರು ಮೊದಲೆಲ್ಲ ಹೆಬ್ಬೆಟ್ಟಿನದೇ ಕೇಳುತ್ತಿದ್ದರಂತೆ. ಗಣಿಯ ಧೂಳು ಎದೆಯಲ್ಲಿ ಕೂತಂತೆಲ್ಲ ನಡುಬೆರಳಿಗೆ ಇಳಿದರು. ಈಗ ಉಳಿದವರು ಕೇಳುವುದು ಕಿರುಬೆರಳು. ಯಾರ ಎದೆ ಎಷ್ಟು ಕೆಟ್ಟಿದೆ ಅನ್ನುವುದು ಅವರು ಕೇಳುವ ದಪ್ಪದಲ್ಲೇ ನಮಗೆ ಗೊತ್ತಾಗಿಬಿಡುತ್ತದೆ.

ಈ ದಪ್ಪವನ್ನೆಲ್ಲ ಸೇದದೆ ಹೇಗೆ ತಿಳಿದೆ ಅಂತ ಕೇಳುತ್ತೀರಾ? ಸೇದಿಯೇ ತಿಳಿದದ್ದು. ಅಡುಗೆಯವಳು ಉಪ್ಪು ನೋಡುವ ಹಾಗೆ ಸುತ್ತುವವಳು ಚುಟ್ಟ ನೋಡಬೇಕು. ಅತ್ತೆ ಸೇದಿ ನೋಡುತ್ತಿದ್ದರು. ಅವರಿಗೆ ಡಾಕ್ಟರು ಬೇಡ ಅಂದ ಮೇಲೆ ನಾನು. ಹೊಗೆಯನ್ನು ಗಂಟಲಿಗೆ ಇಳಿಸುವುದಿಲ್ಲ, ಬಾಯಲ್ಲಿ ಆಡಿಸಿ ಬಿಡುವುದು. ಅದೂ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮರೆಗೆ ಕೂತು, ಬೀದಿಯವರಿಗೆ ಕಾಣದ ಹಾಗೆ.

ಕೆಲಸಕ್ಕೆ ಕೂತೆ. ಯಾವಾಗಲೂ ಜೋಡಿ ಸುತ್ತುವುದು ನಮ್ಮ ಪದ್ಧತಿ, ಒಂದು ಸೇದಿ ನೋಡಲು, ಇನ್ನೊಂದು ಕೊಡಲು. ಒಂದೇ ಸೊಪ್ಪು, ಒಂದೇ ಕೈ, ಒಂದೇ ದಿನ. ಮೊದಲ ಜೋಡಿಯನ್ನು ನಾವು ಸಣ್ಣದನ್ನು ಸುತ್ತುವ ಹಾಗೆಯೇ ಸುತ್ತಿದೆ. ಸೊಪ್ಪಿಗೆ ನೀರು ಚಿಮುಕಿಸಿ ಮೆತ್ತಗೆ ಮಾಡಿ, ನಡುವಿನ ದಂಟು ತೆಗೆದು, ಎಲೆಯ ಮೇಲೆ ಎಲೆ ಇಟ್ಟು, ಮಣೆಯ ಮೇಲೆ ಉರುಳಿಸುತ್ತ ಕೈಯಲ್ಲಿ ಒಂದು ಹುರಿ ಕೊಟ್ಟು ಬಿಗಿ ಮಾಡಿದೆ. ಕೊನೆಗೆ ಮೇಲೆಲೆ ಸುತ್ತಿ, ಮೈದಾ ಅಂಟು ಹಚ್ಚಿ, ಬಾಯಿಗಿಡುವ ಕಡೆಗೆ ಮೂತಿ ಕಿರಿದು ಮಾಡಿ ದಾರ ಬಿಗಿದೆ. ನೋಡಲು ರಾಜನ ಹಾಗಿತ್ತು. ನೆರಳಲ್ಲಿ ಒಣಗಿಸಿ ಹತ್ತಿಸಿದರೆ, ಸುತ್ತಲೂ ಒಂದು ಕೆಂಪು ಉಂಗುರ ಉರಿದು, ನಡುವೆ ಕರ್ರಗೆ ಹಾಗೇ ಉಳಿಯಿತು. ಕೆನ್ನೆ ಒಳಗೆ ಹೋಗುವಂತೆ ಎಳೆದರೂ ಹೊಗೆ ಬರಲಿಲ್ಲ. ಆರಿಹೋಯಿತು. ಹೋದ ವರ್ಷದ್ದೇ ಕಥೆ.

ಚಾಕು ತಂದು ಉದ್ದಕ್ಕೆ ಸೀಳಿದೆ. ಒಳಗಿನ ಸೊಪ್ಪು ಇನ್ನೂ ತಣ್ಣಗೆ, ಹಸಿಹಸಿ ಇತ್ತು. ಸಣ್ಣದರಲ್ಲಿ ಆ ಹಸಿ ಒಂದೆರಡು ದಿನದಲ್ಲಿ ಹೊರಗೆ ಬಂದುಬಿಡುತ್ತದೆ. ಇಷ್ಟು ದಪ್ಪದಲ್ಲಿ ಹೊರಗಿನ ಎಲೆ ಒಣಗಿ ಬಿರುಕು ಬಿಟ್ಟರೂ ನಡುವಿನ ಹಸಿ ಅಲ್ಲೇ ಕೂತಿರುತ್ತದೆ. ಜೊತೆಗೆ ನಮ್ಮ ಹುರಿ. ಸಣ್ಣದಕ್ಕೆ ಅದು ಬಲ. ದಪ್ಪಕ್ಕೆ ಅದು ಕತ್ತು ಹಿಸುಕಿದ ಹಾಗೆ.

ಎರಡನೆಯ ಜೋಡಿಗೆ ಒಳಸೊಪ್ಪನ್ನು ಬಚ್ಚಲ ನೀರೊಲೆಯ ಮೇಲಿನ ಹಲಗೆಯಲ್ಲಿ ಹರಡಿ ಮೊದಲೇ ಒಣಗಿಸಿದೆ. ಮೇಲೆಲೆಗೆ ಮಾತ್ರ ನೀರು ತೋರಿಸಿದೆ. ಹುರಿ ಕೊಡಲಿಲ್ಲ, ಸಡಿಲವಾಗಿಯೇ ಸುತ್ತಿದೆ. ಅಯ್ಯೋ, ಅದು ಉರಿದದ್ದನ್ನು ನೋಡಬೇಕಿತ್ತು! ಒಂದೇ ಮಗ್ಗುಲು ಹೊತ್ತಿಕೊಂಡು ಸರಸರ ಮೇಲಕ್ಕೆ ಓಡಿತು. ಇನ್ನೊಂದು ಮಗ್ಗುಲು ಹಾಗೇ ನಿಂತು ನೋಡುತ್ತಿತ್ತು. ಹೊಗೆ ಕಿರುಬೆರಳಿನದಕ್ಕಿಂತಲೂ ಬಿಸಿ. ಎರಡು ದಮ್ಮಿಗೆ ನಾಲಿಗೆ ಬೆಂದುಹೋಯಿತು. ಕೆಂಡ ಮುರಿದು ಸೀರೆಯ ಮೇಲೆ ಬಿದ್ದು ತೂತಾಯಿತು. ನನಗೆ ಅಳು ಬಂತು. ಚುಟ್ಟವನ್ನು ಎತ್ತಿ ಹಿತ್ತಲ ಗೋಡೆಗೆ ಎಸೆದೆ. ದಪ್ಪವಾದರೆ ಆರುತ್ತದೆ ಅಂತ ಊರಿಗೆಲ್ಲ ಹೇಳಿದವಳು ನಾನೇ, ಈಗ ಅದನ್ನು ಉರಿಸಿ ತೋರಿಸಬೇಕಾದವಳೂ ನಾನೇ. ಬೇಡ, ಆಗುವುದಿಲ್ಲ ಅಂತ ಹೇಳಿ ಕೈ ತೊಳೆದುಕೊಂಡರೆ, ನೋಡಿದಿರಾ ಹೆಂಗಸಿನ ಕೈಲಿ ಆಗಲಿಲ್ಲ ಅನ್ನುತ್ತಾರೆ. ಆ ಮಾತನ್ನು ಅವರ ಬಾಯಿಂದ ಕೇಳುವುದಕ್ಕಿಂತ ನಾಲಿಗೆ ಬೇಯುವುದೇ ವಾಸಿ ಅನ್ನಿಸಿತು.

ಮತ್ತೆ ಮಣೆಯ ಮುಂದೆ ಕೂತು ಎಲೆಯ ಮೇಲೆ ಎಲೆ ಇಡುತ್ತಿದ್ದೆ. ಅತ್ತೆ ಬಂದು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ರೇಗಿ ನನ್ನ ಕೈಯಿಂದ ಎಲೆ ಕಿತ್ತುಕೊಂಡರು.

"ಇದೇನು ಚಪಾತಿ ಪೇರಿಸಿದಂಗೆ ಪೇರಿಸ್ತೀಯಾ? ಒಂದ್ರ ಮೇಲೊಂದು ಅಂಟ್ಕೊಂಡ್ರೆ ಒಗೆ ಎಲ್ಲಿಂದ ಓಯ್ತದೆ? ಸೀರೆ ಉಡೋಕೆ ಬರ್ತದಲ್ಲ ನಿಂಗೆ? ನಿರಿಗೆ ಇಡಿ."

"ನಿರಿಗೇನಾ?"

"ಊಂ, ನಿರಿಗೆ. ಇಂಗೆ."

ಬೆರಳುಗಳ ನಡುವೆ ಎಲೆಯನ್ನು ಉದ್ದಕ್ಕೆ ಮಡಿಸುತ್ತ ಹೋದರು. ಹೊಕ್ಕುಳ ಬಳಿ ಸಿಕ್ಕಿಸುವ ಮುಂಚೆ ಸೀರೆ ಹಿಡಿಯುತ್ತೇವಲ್ಲ, ಥೇಟ್ ಹಾಗೆ. ಒಂದೊಂದು ಮಡಿಕೆಯ ನಡುವೆಯೂ ತುದಿಯಿಂದ ಮೂತಿಯವರೆಗೆ ಸಂದು ಉಳಿಯಿತು. ಹಾಗೆ ನಿರಿಗೆ ಹಿಡಿದ ಎಲೆಗಳನ್ನು ಪಕ್ಕಪಕ್ಕಕ್ಕೆ ಸೇರಿಸಿ, ಅಂಗೈಯಲ್ಲಿ ಹಿಡಿದು ಒತ್ತಿ ನೋಡಿದೆವು. ಒತ್ತಿದರೆ ಒಳಗೆ ಹೋಗಬೇಕು, ಬಿಟ್ಟರೆ ಮತ್ತೆ ಮೇಲೆ ಬರಬೇಕು. ಎಲ್ಲೂ ಗಂಟು ಸಿಗಬಾರದು, ಎಲ್ಲೂ ಪೊಳ್ಳು ಸಿಗಬಾರದು. ಬಿಗಿ ಬರಲಿ ಅಂತ ಅದರ ಸುತ್ತ ಮೊದಲು ಕಟ್ಟುವುದಕ್ಕೊಂದು ಎಲೆ, ಅದರ ಮೇಲೆ ಮೇಲೆಲೆ. ಮಳೆಗಾಲದ ತೇವದ ಗಾಳಿ ಬೇರೆ. ನೀರೊಲೆಯ ಹಲಗೆಯ ಮೇಲೆ ಬಟ್ಟೆ ಹಾಸಿ, ದಿನಾ ಮಗ್ಗುಲು ಬದಲಿಸಿ, ಹಬ್ಬದ ವಾರದವರೆಗೂ ಅವೆರಡನ್ನು ಕೂಸುಗಳ ಹಾಗೆ ನೋಡಿಕೊಂಡೆ.

ಈಗ ಸೇದಿ ನೋಡಬೇಕು. ತೊಡಕು ಬಂದದ್ದೇ ಅಲ್ಲಿ.

ಕಿರುಬೆರಳಿನದನ್ನು ಒಗೆಯುವ ಕಲ್ಲಿನ ಮರೆಯಲ್ಲಿ ಅನ್ನ ಬೇಯುವಷ್ಟರಲ್ಲಿ ಸೇದಿ ಮುಗಿಸಬಹುದು. ಈ ಮಹಾರಾಯನದು ಒಂದು ಸಿನಿಮಾದಷ್ಟು ಹೊತ್ತಿನ ಕೆಲಸ. ಹಿತ್ತಲಲ್ಲಿ ಹತ್ತಿಸಿದೆ. ಹೊಗೆ ಮೋಡದ ಹಾಗೆ ಎದ್ದಿತು. ಪಕ್ಕದ ಮನೆಯವಳು ಮಾಳಿಗೆಯ ಮೇಲಿಂದ ಬಗ್ಗಿ, "ಏನಕ್ಕಾ, ಕಸಕ್ಕೆ ಬೆಂಕಿ ಅಚ್ಚಿದ್ರಾ?" ಅಂದಳು. ಚುಟ್ಟವನ್ನು ಬೆನ್ನ ಹಿಂದೆ ಬಚ್ಚಿಟ್ಟೆ. ಅವಳು ಇಳಿಯುವಷ್ಟರಲ್ಲಿ ಅದು ಆರಿತ್ತು. ಮತ್ತೆ ಹತ್ತಿಸಿದೆ. ಹಾಲಿನವನು ಬಂದ. ಮತ್ತೆ ಬಚ್ಚಿಟ್ಟೆ, ಮತ್ತೆ ಆರಿತು. ಮತ್ತೆ ಮತ್ತೆ ಹತ್ತಿಸಿದ ಚುಟ್ಟ ಕಹಿಯಾಗುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಆ ಕಲ್ಲಿನ ಹಿಂದೆ ಕುಕ್ಕರುಗಾಲಲ್ಲಿ ಕೂತವಳಿಗೆ ಒಮ್ಮೆಗೇ ರೋಸಿಹೋಯಿತು. ಇದು ನನ್ನ ಕೆಲಸ. ಕಾರ್ಖಾನೆಯಲ್ಲಿ ನನ್ನ ಗಂಡ ಮಾಡುವ ಕೆಲಸವನ್ನು ಯಾವ ಕಲ್ಲಿನ ಹಿಂದೆ ಕೂತು ಮಾಡುತ್ತಾರೆ?

ಎದ್ದು ಮನೆಯೊಳಗಿಂದ ಹಾದು ಮುಂಬಾಗಿಲಿಗೆ ಬಂದು ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂತೆ. ನಡು ಮಧ್ಯಾಹ್ನ. ಸುಟ್ಟ ತುದಿಯನ್ನು ಕತ್ತರಿಸಿ, ಬೆಂಕಿ ಮುಟ್ಟಿಸದೆ ಮೇಲಿಂದ ಕಾಯಿಸಿ, ಸುತ್ತಲೂ ತಿರುಗಿಸುತ್ತ ನಿಧಾನಕ್ಕೆ ಎಳೆದೆ. ಬೀದಿಯಲ್ಲಿ ಹೋಗುತ್ತಿದ್ದ ಸ್ಕೂಟರೊಂದು ನಿಂತು ನೋಡಿ ಹೋಯಿತು. ಎದುರು ಮನೆಯ ಅಜ್ಜ ಕನ್ನಡಕ ಹಾಕಿಕೊಂಡು ಹೊರಗೆ ಬಂದ. "ಏನಮ್ಮಾ ಇದು?" ಅಂದ. "ಕೆಲ್ಸ ತಾತ" ಅಂದೆ.

ಆ ಮಧ್ಯಾಹ್ನ ನನಗೆ ತಿಳಿದದ್ದು ಇಷ್ಟು ವರ್ಷದಲ್ಲಿ ತಿಳಿದಿರಲಿಲ್ಲ. ಹೊಗೆ ತಣ್ಣಗೆ, ಗಟ್ಟಿಯಾಗಿ, ಸ್ವಲ್ಪ ಸಿಹಿಯಾಗಿ ಬಂತು. ಉರಿ ನೇರವಾಗಿ, ಉಂಗುರದ ಹಾಗೆ ಇಳಿಯಿತು. ಬೂದಿ ಬೆರಳುದ್ದ ನಿಂತಿತು. ಸಣ್ಣದನ್ನು ಸೇದುವ ಅಭ್ಯಾಸದಲ್ಲಿ ಮೇಲಿಂದ ಮೇಲೆ ಎಳೆದರೆ ಕಹಿ ಏರುತ್ತದೆ. ಮರೆತು ಕೂತರೆ ಕೆಂಡ ಮಂಕಾಗುತ್ತದೆ. ಒಂದು ದಮ್ಮು ಎಳೆದು, ಪಕ್ಕದವರ ಹತ್ತಿರ ಎರಡು ಮಾತಾಡಿ, ಮತ್ತೊಂದು ದಮ್ಮು ಎಳೆದರೆ ಸರಿ. ಹೀಗಾಗಿ ಎದುರು ಮನೆಯ ಅಜ್ಜನ ಮಂಡಿನೋವಿನ ಕಥೆ ಪೂರ್ತಿ ಕೇಳಿದೆ. ಕೊನೆಗೆ ದವಡೆ ನೋಯುತ್ತಿತ್ತು, ತಲೆ ಕೊಂಚ ತೇಲುತ್ತಿತ್ತು. ಆದರೆ ಚುಟ್ಟ ಬುಡದವರೆಗೂ ಉರಿದಿತ್ತು. ನನಗಾದ ಸಂತೋಷವನ್ನು ಏನೆಂದು ಹೇಳಲಿ! ಒಳಗೆ ಹೋಗಿ ಅತ್ತೆಯನ್ನು ತಬ್ಬಿಕೊಂಡೆ. "ಥೂ, ನಾತ!" ಅಂತ ತಳ್ಳಿ ಅವರೂ ನಕ್ಕರು.

ಸುದ್ದಿ ಮಾರಿಕುಪ್ಪಂ ರೈಲು ಹತ್ತಿ ನನಗಿಂತ ಮುಂಚೆಯೇ ಲೈನಿಗೆ ಹೋಗಿತ್ತು. ಶನಿವಾರ ಅಧ್ಯಕ್ಷನ ಫೋನು ಬಂತು.

"ಬೀದೀಲಿ ಕೂತು ಒಗೆ ಬಿಡೋ ಎಂಗ್ಸು ಸುತ್ತಿದ್ದು ನಮ್ಮ ಸ್ವಾಮಿಗೆ ಬೇಡ. ಬರ್ಲೇಬೇಡಿ ಅಂತ ನಿನ್ನ ಗಂಡನಿಗೆ ಹೇಳು."

"ಗಂಡನಿಗೆ ಹೇಳ್ತೀನಿ ಸಾರ್" ಅಂದೆ. "ನಾನಂತೂ ಬತ್ತೀನಿ."

ಭಾನುವಾರ ಬೆಳಿಗ್ಗೆ ಉಳಿದ ಚುಟ್ಟವನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ಚೀಲಕ್ಕಿಟ್ಟುಕೊಂಡೆ. ಗಂಡ ಚಪ್ಪಲಿ ಮೆಟ್ಟಿಕೊಂಡು ಜೊತೆಗೆ ಬಂದರು. ರೈಲಿನಲ್ಲಿ ಹೋಗಿ ಊರಿಗಾಂನಲ್ಲಿ ಇಳಿದು, ಕುಸಿದ ಕಂಪನಿ ಗೋಡೆಗಳ ಪಕ್ಕದಲ್ಲಿ ನಡೆದು ಲೈನಿಗೆ ಹೋದೆವು. ಬೇವಿನ ಮರದ ಕೆಳಗೆ ಜನ ಸೇರಿದ್ದರು. ಕೋಳಿ ಆಗಿತ್ತು, ಸಾರಾಯಿ ಆಗಿತ್ತು. ಪೂಜಾರಿ ಕಲ್ಲಿನ ಪಕ್ಕದಲ್ಲಿ ಕೂತಿದ್ದರು. ಅವರೂ ಹಳೆಯ ಗಣಿ ಕಾರ್ಮಿಕರೇ, ಈಗ ಮೂರು ಹೆಜ್ಜೆ ನಡೆದರೆ ನಿಂತು ಉಸಿರು ತೆಗೆದುಕೊಳ್ಳುವವರು.

ಅಧ್ಯಕ್ಷ ಅಡ್ಡ ಬಂದ. "ಬೇಡ ಅಂದಿದ್ನಲ್ಲ, ಯಾಕಮ್ಮ ಬಂದೆ?"

"ಸುತ್ತಿದೋರೇ ಕೊಡ್ಬೇಕು ಅನ್ನೋದು ನಿಮ್ದೇ ಕಟ್ಟಳೆ ಅಲ್ವಾ ಸಾರ್? ಸುತ್ತಿದೋಳು ಬಂದಿದ್ದೀನಿ."

ಅವನು ನನ್ನ ಗಂಡನ ಕಡೆ ತಿರುಗಿದ. ದನಿ ತಗ್ಗಿಸಿ, ಮರ್ಯಾದೆ ಉಳಿಸಿಕೊಡುವವನ ಹಾಗೆ, "ನೀನು ಹೇಳಪ್ಪ. ನೀನ್ ತಾನೆ ಸುತ್ತಿದ್ದು?" ಅಂದ.

ನಮ್ಮವರು ನೆಲ ನೋಡಿದರು, ಆಮೇಲೆ ಕಲ್ಲಿನ ಕಡೆ ನೋಡಿದರು. "ನಾನಲ್ಲ ಸಾರ್. ನಂಗೆ ಬೀಡಿ ಒಗೇನೂ ಆಗಲ್ಲ. ಇವ್ಳೇ ಸುತ್ತಿದ್ದು" ಅಂದರು. ಮದುವೆಯಾದಾಗಿನಿಂದ ಆ ಮನುಷ್ಯನ ಮೇಲೆ ನನಗೆ ಅಷ್ಟು ಪ್ರೀತಿ ಬಂದದ್ದು ಅವತ್ತೇ.

"ಕೊಡು ತಾಯಿ ಇಲ್ಲಿ" ಅಂದರು ಪೂಜಾರಿ.

ಬಟ್ಟೆ ಬಿಚ್ಚಿ ಕೊಟ್ಟೆ. ಅವರು ಅದನ್ನು ಬೆರಳಲ್ಲಿ ಉರುಳಿಸಿದರು, ಮೂಸಿದರು, ಅಂಗೈಯಲ್ಲಿ ಒತ್ತಿ ನೋಡಿದರು. ಬಾಯಿಗಿಟ್ಟು ಕಡ್ಡಿ ಗೀರಿ ಎಳೆದರು. ತುದಿ ಕೆಂಪಾಗುವ ಮುಂಚೆಯೇ ಕೆಮ್ಮು ಹಿಡಿಯಿತು. ಸುಧಾರಿಸಿಕೊಂಡು ಮತ್ತೆ ಎಳೆದರು. ಮತ್ತೆ ಕೆಮ್ಮು; ಕಣ್ಣಲ್ಲಿ ನೀರು ಬಂತು. ಎರಡು ಹೆಬ್ಬೆಟ್ಟು ದಪ್ಪ ಬೇಕು ಅಂದವರು ಯಾರೂ ಅದನ್ನು ಯಾರ ಎದೆಯಿಂದ ಹತ್ತಿಸುವುದು ಅಂತ ಯೋಚಿಸಿರಲಿಲ್ಲ. ಹೋದ ವರ್ಷವೂ ಹೀಗೇ ಅರೆಬರೆ ಹತ್ತಿಸಿ ಇಟ್ಟಿದ್ದರಂತೆ, ನನಗೆ ಗೊತ್ತಾದದ್ದು ಅಲ್ಲೇ.

ಪೂಜಾರಿ ಅದನ್ನು ಅಧ್ಯಕ್ಷನ ಕಡೆ ಚಾಚಿದರು. ಅವನು ಸಿಗರೇಟಿನವನು. ಸಿಗರೇಟಿನ ಹಾಗೆಯೇ ಗಂಟಲಿಗೆ ಎಳೆದ. ಮುಖ ಕೆಂಪಾಗಿ, ಮರ ಹಿಡಿದುಕೊಂಡು ಬಗ್ಗಿಬಿಟ್ಟ. ಯಾರೋ ಕಿಸಕ್ಕನೆ ನಕ್ಕರು. ಇನ್ನೊಬ್ಬ ಲೈಟರ್ ತಂದು ತುದಿಗೆ ಉರಿ ಹಿಡಿಯಲು ಹೋದ.

"ಬೇಡ! ಮೇಲೆಲೆ ಸುಟ್ಟೋಯ್ತದೆ, ಒಳಗೆ ಅತ್ತಲ್ಲ!" ಅಂತ ಕೂಗಿದೆ.

ಪೂಜಾರಿ ನನ್ನ ಕಡೆ ನೋಡಿದರು. ಚುಟ್ಟ ನನ್ನ ಕೈಗಿಟ್ಟು, ಕೈಯಾಡಿಸಿ, ಹತ್ತಿಸು ಅನ್ನುವ ಹಾಗೆ ಸನ್ನೆ ಮಾಡಿದರು. ಮಾತಾಡಲು ಅವರಿಗೆ ಉಸಿರಿರಲಿಲ್ಲ.

"ಎಂಗಸಿನ ಎಂಜಲು!" ಅಂದ ಅಧ್ಯಕ್ಷ, ಕೆಮ್ಮುತ್ತಲೇ.

ನಾನು ಹತ್ತಿಸಿದೆ. ಜಗಲಿಯ ಮೇಲೆ ಮಾಡಿದ ಹಾಗೆಯೇ, ಕಾಯಿಸಿ, ತಿರುಗಿಸಿ, ಅವಸರವಿಲ್ಲದೆ. ತುದಿಯೆಲ್ಲ ಒಂದೇ ಸಮ ಕೆಂಪಾಯಿತು. ಪೂಜಾರಿ ತೆಗೆದುಕೊಂಡು ಕಲ್ಲಿನ ಬಾಯಿಗೆ ಸಿಕ್ಕಿಸಿದರು. ಜನ ಕೈ ಮುಗಿದರು.

ಕಲ್ಲಿಗೆ ಇಟ್ಟ ಮೇಲೆ ಅದನ್ನು ಯಾರೂ ಮುಟ್ಟಬಾರದು. ಗಾಳಿ ಬೀಸುತ್ತಿದ್ದಷ್ಟು ಹೊತ್ತು ಚುಟ್ಟ ಚೆನ್ನಾಗಿಯೇ ಉರಿಯಿತು. ಆಮೇಲೆ ಗಾಳಿ ನಿಂತುಬಿಟ್ಟಿತು. ಬೇವಿನ ಎಲೆ ಅಲುಗುತ್ತಿರಲಿಲ್ಲ. ಕೆಂಡದ ಮೇಲೆ ಬೂದಿ ಕಟ್ಟಿತು, ಹೊಗೆ ದಾರದಷ್ಟಾಯಿತು. ನಿರಿಗೆ ಸರಿಯಿತ್ತು, ಸೊಪ್ಪು ಒಣಗಿತ್ತು, ಮೇಲೆಲೆ ಎಲ್ಲೂ ಬಿರಿದಿರಲಿಲ್ಲ. ಆದರೂ ಎರಡು ಹೆಬ್ಬೆಟ್ಟು ದಪ್ಪದ್ದು ಎಳೆಯುವವರಿಲ್ಲದೆ ಉಳಿಯುವುದಿಲ್ಲ. ಅಧ್ಯಕ್ಷ ಕೈಕಟ್ಟಿ ನಿಂತು, "ನೋಡ್ಕೊಳ್ಳಿ, ಆರ್ತಾ ಇದೆ" ಅಂದ. ಅವನ ದನಿಯಲ್ಲಿ ಖುಷಿಯಿತ್ತು. ತನ್ನ ಸ್ವಾಮಿಯ ಚುಟ್ಟ ಆರುತ್ತಿದೆ ಅಂತ ಖುಷಿ!

ನಾನು ಎದ್ದೆ. ಯಾರನ್ನೂ ಕೇಳಲಿಲ್ಲ. ಕಲ್ಲಿನ ಬಾಯಿಂದ ಚುಟ್ಟ ತೆಗೆದು, ಬೂದಿ ತಟ್ಟಿ, ನನ್ನ ಬಾಯಿಗಿಟ್ಟು ಉದ್ದಕ್ಕೆ ಒಂದು ದಮ್ಮು ಎಳೆದೆ. ಕೆಂಡ ಅರಳಿತು. ಮತ್ತೆ ಸ್ವಾಮಿಯ ಬಾಯಿಗಿಟ್ಟು ಪಕ್ಕದಲ್ಲೇ ಕೂತೆ.

ಗಲಾಟೆ ಎದ್ದಿತು. "ಎಳೀರಿ ಅವ್ಳನ್ನ!" ಅಂತ ಯಾರೋ ಕೂಗಿದರು. ಯಾರೂ ಎಳೆಯಲಿಲ್ಲ. ನಾನು ಕೂತೇ ಇದ್ದೆ. ಹೊಗೆ ತೆಳ್ಳಗಾದಾಗ ತೆಗೆದು ಮತ್ತೊಂದು ದಮ್ಮು ಎಳೆದೆ, ಮತ್ತೆ ಇಟ್ಟೆ. ಸ್ವಾಮಿಗೊಂದು ಸರದಿ, ನನಗೊಂದು. ಪೂಜಾರಿ ಕಣ್ಣು ಮುಚ್ಚಿ ಕೂತಿದ್ದರು, ಬೇಡ ಅನ್ನಲಿಲ್ಲ. ಅವರು ಬೇಡ ಅನ್ನದೆ ಇನ್ನೊಬ್ಬರು ಅನ್ನುವ ಹಾಗಿರಲಿಲ್ಲ. ಹೊತ್ತು ಹೋದಂತೆ ಜನ ಒಬ್ಬೊಬ್ಬರಾಗಿ ನೆಲದ ಮೇಲೆ ಕೂತರು. ಒಬ್ಬ ಮುದುಕಿ ನನ್ನ ಪಕ್ಕಕ್ಕೆ ಸರಿದು, ತನ್ನ ಗಂಡ ಹೆಬ್ಬೆಟ್ಟಿನದೇ ಸೇದುತ್ತಿದ್ದ ಕಾಲದ ಕಥೆ ತೆಗೆದಳು. ನಾನು ಕೇಳಿದೆ, ನಡುನಡುವೆ ಎಳೆದೆ. ಚುಟ್ಟ ಮೂತಿಯವರೆಗೂ ಇಳಿಯಿತು. ಕೊನೆಗೆ ದಾರ ಸುಟ್ಟು, ಎಲ್ಲ ಬೂದಿಯಾಗಿ ಕಲ್ಲಿನ ಮುಂದೆ ಉದುರಿತು.

ಅಧ್ಯಕ್ಷ ಹಬ್ಬದೂಟದ ಪಾತ್ರೆಗಳ ಕಡೆ ಹೋದ. ಪೂಜಾರಿ ಆ ಬೂದಿಯನ್ನು ಚಿಟಿಕೆ ತೆಗೆದು ತಮ್ಮ ಹಣೆಗಿಟ್ಟುಕೊಂಡರು, ಆಮೇಲೆ ನನ್ನ ಹಣೆಗಿಟ್ಟರು.

"ಬರೋ ವರ್ಸಾನೂ ನೀನೇ ತಕ್ಕೊಂಡು ಬಾ ತಾಯಿ" ಅಂದರು. ಒಂದು ಉಸಿರು ತೆಗೆದುಕೊಂಡು ಮುಂದುವರಿಸಿದರು. "ಆದ್ರೆ ಮೊದ್ಲಿನಂಗೆ ಸಣ್ಣಕ್ಕೆ ಸುತ್ತಮ್ಮ. ಈ ಜಗಳ ಎಲ್ಲ ಇರಲ್ಲ."

"ಇಲ್ಲ ತಾತ, ಇಷ್ಟೇ ದಪ್ಪ ಸುತ್ತೋದು" ಅಂದೆ. "ಸಣ್ಣಕ್ಕೆ ಸುತ್ತಿದ್ರೆ ಸ್ವಾಮಿ ಒಬ್ನೇ ಸೇದ್ಬಿಡ್ತಾನೆ."